8 ಮಿಲಿಮೀಟರ್ ಜಗಳ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೂವರು ಪ್ರಾಕ್ಟಿಕಲ್ ಶೂಟಿಂಗ್ ಹುಚ್ಚಿನವರು: ಅಕ್ಕ, ಭಾವ, ಚಿಕ್ಕಪ್ಪ. ಓಡಾಡುತ್ತ ಹಲಗೆಗಳಿಗೆ ಗುಂಡು ಹೊಡೆಯುವ ಆಟ ಅದು, ಅಂಕಕ್ಕೂ ಸಮಯಕ್ಕೂ ಲೆಕ್ಕ, ಒಂದೊಂದು ಸುತ್ತಿಗೂ ಸ್ಟೇಜ್ ಎಂದು ಹೆಸರು. ಪಿಸ್ತೂಲಿನ ಬಗೆಗೆ ತಕ್ಕಂತೆ ಪ್ರೊಡಕ್ಷನ್, ಸ್ಟ್ಯಾಂಡರ್ಡ್, ಓಪನ್ ಎಂಬ ಡಿವಿಷನ್‌ಗಳಿವೆ. ನಾನು ಸ್ಕೋರ್ ಬರೆಯಲು ಹೋಗುವವಳು. ಈಗ ತಮ್ಮನೂ ಶುರು ಮಾಡಿದ್ದಾನೆ. ಶನಿವಾರ ರಾತ್ರಿ ಅವನು ಹಾಕಿದ ಒಂದು ವಿಡಿಯೊದಿಂದ ಎದ್ದ ಜಗಳ ಇದು. ನಡುವೆ ಬಂದ ಹೂವಿನ ಚಿತ್ರಗಳನ್ನೂ ಶುಭರಾತ್ರಿಗಳನ್ನೂ ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.

ತಮ್ಮ: ಎಲ್ಲರೂ ಈ ವಿಡಿಯೊ ನೋಡಿ. ನನ್ನ ಪಿಸ್ತೂಲು ತೀರ್ಮಾನ ಆಯಿತು. ಗ್ಲಾಕ್ 34. ಬ್ಯಾರೆಲ್ ಉದ್ದ, ಗುರಿ ನೋಡುವ ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ ಅಂತರ ಜಾಸ್ತಿ, ಗುರಿ ನೆಟ್ಟಗೆ. ಲೈಸೆನ್ಸ್ ಕೈಗೆ ಬಂದ ದಿನವೇ ಬುಕ್ ಮಾಡುತ್ತೇನೆ.

ಅಕ್ಕ: ಯಾವ ಡಿವಿಷನ್ ಆಡುತ್ತೀಯ?

ತಮ್ಮ: ಪ್ರೊಡಕ್ಷನ್. ಹೊಸಬರಿಗೆ ಅದೇ ಸರಿ ಅಂತ ನೀನೇ ಹೇಳಿದ್ದಲ್ವಾ.

ಅಕ್ಕ: ಹೇಳಿದ್ದೆ. ಆದರೆ ಈ ಪಿಸ್ತೂಲು ಹಿಡಿದು ಬಂದರೆ ನಿನ್ನನ್ನು ಪ್ರೊಡಕ್ಷನ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿಯ ನಿಯಮದಲ್ಲಿ ಪ್ರೊಡಕ್ಷನ್ ಬ್ಯಾರೆಲ್ 127 ಮಿಲಿಮೀಟರ್ ದಾಟಬಾರದು. 34ರದ್ದು 135.

ತಮ್ಮ: 8 ಮಿಲಿಮೀಟರ್‌ಗೆ ಇಷ್ಟು ಗಲಾಟೆಯಾ? ವಿಡಿಯೊದವನು ಪ್ರೊಡಕ್ಷನ್‌ನಲ್ಲೇ ಆಡುತ್ತಿದ್ದಾನಲ್ಲ!

ಅಕ್ಕ: ಅವನು ಅಮೆರಿಕದವನು. ಅಲ್ಲಿಯ ಸಂಸ್ಥೆ ಯುಎಸ್‌ಪಿಎಸ್‌ಎ ತನ್ನದೇ ನಿಯಮ ಪುಸ್ತಕ ಇಟ್ಟುಕೊಂಡಿದೆ. ಅಲ್ಲಿ 34 ನಡೆಯುತ್ತದೆ. ಡಿವಿಷನ್ ಹೆಸರು ಒಂದೇ, ನಿಯಮ ಬೇರೆ. ನೀನು ಆಡುವುದು ಐಪಿಎಸ್‌ಸಿ ಪಂದ್ಯ. ಇಲ್ಲಿ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಸೀದಾ ಓಪನ್‌ಗೆ ತಳ್ಳುತ್ತಾರೆ. ಅಲ್ಲಿ ಚುಕ್ಕೆ ತೋರಿಸುವ ಡಾಟ್ ಸೈಟ್, ಒದೆತ ತಗ್ಗಿಸುವ ಕಾಂಪೆನ್ಸೇಟರ್, ಮಾರುದ್ದದ ಮ್ಯಾಗಜೀನ್ ಇಟ್ಟುಕೊಂಡವರ ಎದುರು ನೀನು ಕಬ್ಬಿಣದ ಸೈಟ್‌ನಲ್ಲಿ ನಿಂತಿರುತ್ತೀಯ.

ಚಿಕ್ಕಪ್ಪ: ಅವನನ್ನು ಸುಮ್ನೆ ಹೆದರಿಸಬೇಡ. ಸ್ಟ್ಯಾಂಡರ್ಡ್‌ಗೆ ಬರಲಿ. ಅಲ್ಲಿ ಬ್ಯಾರೆಲ್ ಅಳೆಯುವುದಿಲ್ಲ, ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. 225, 150, 45 ಮಿಲಿಮೀಟರ್. ಮ್ಯಾಗಜೀನ್ ಸಮೇತ ಪೆಟ್ಟಿಗೆಯಲ್ಲಿ ಕೂತರೆ ಆಯಿತು. 34 ಆರಾಮಾಗಿ ಕೂರುತ್ತದೆ.

ತಮ್ಮ: ನೋಡಿದೆಯಾ ಅಕ್ಕ! ಚಿಕ್ಕಪ್ಪ ಜೈ.

ಅಕ್ಕ: ಕೂರುತ್ತದೆ, ನಿಜ. ಆದರೆ 34ರ ಗುಂಡು 9 ಎಂಎಂ. ಸ್ಟ್ಯಾಂಡರ್ಡ್‌ನಲ್ಲಿ ಅದು ಮೈನರ್ ಮಾತ್ರ, ಅಂದರೆ ಕಡಿಮೆ ಬಲದ ಗುಂಡಿನ ಲೆಕ್ಕ. ಚಿಕ್ಕಪ್ಪನಂಥವರು ಇನ್ನೂ ದಪ್ಪ ಗುಂಡಿನ .40 ಹಿಡಿದು ಮೇಜರ್ ಆಡುತ್ತಾರೆ, ಅದು ಜಾಸ್ತಿ ಬಲದ ಲೆಕ್ಕ. ನೀನು ಸಿ ವಲಯಕ್ಕೆ ಹೊಡೆದರೆ 3 ಅಂಕ, ಅವರು ಅದೇ ತೂತಿಗೆ 4 ತಗೊಂಡು ಹೋಗುತ್ತಾರೆ. ಡಿಗೆ ನಿನಗೆ 1, ಅವರಿಗೆ 2. ನಟ್ಟನಡುವಿನ ಎ ಒಂದರಲ್ಲೇ ಇಬ್ಬರಿಗೂ 5.

ಚಿಕ್ಕಪ್ಪ: ಹಾಗಾದರೆ ಅವನೂ .40 ತಗೊಳ್ಳಲಿ! ಲೆಕ್ಕ ಏನು ಮಹಾ. ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಎಷ್ಟು ಅಡಿ ಅಂತ. ಗುಣಿಸಿ ಸಾವಿರದಿಂದ ಭಾಗಿಸು. 180 ಗ್ರೇನ್, 950 ಅಡಿ, 171 ಬಂತು. ಮೇಜರ್‌ಗೆ 170 ಸಾಕು.

ನಾನು: ಹೋದ ಸಲ ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫ್ ಮುಂದೆ 168 ಬಂದದ್ದು ಯಾರಿಗೆ ಚಿಕ್ಕಪ್ಪ?

ಚಿಕ್ಕಪ್ಪ: ಅವತ್ತು ಚಳಿ ಇತ್ತು.

(ಚಿಕ್ಕಪ್ಪನ ಮೇಜರ್ ಸ್ಕೋರೆಲ್ಲ ಅವತ್ತು ಮೈನರ್ ಆಗಿತ್ತು. ಆ ಚಳಿಯ ಕಥೆ ಈ ಗುಂಪಿನಲ್ಲಿ ಹತ್ತಾರು ಸಲ ಬಂದಿದೆ. ಪ್ರತಿ ಸಲ ಚಳಿ ಸ್ವಲ್ಪ ಜಾಸ್ತಿ ಆಗುತ್ತದೆ.)

ಭಾವ: ನಾನು ಒಂದು ಮಾತು ಹೇಳಲಾ? ಪ್ರೊಡಕ್ಷನ್‌ನಲ್ಲೇ ಇರಲಿ. ಅಲ್ಲಿ ಎಲ್ಲರಿಗೂ ಮೈನರ್ ಲೆಕ್ಕವೇ, .40 ತಂದರೆ ಒದೆತ ಮಾತ್ರ ಲಾಭ. 125 ದಾಟಿದರೆ ಸಾಕು. 124 ಗ್ರೇನ್ ಗುಂಡು 1050 ಅಡಿಯಲ್ಲಿ ಹೋದರೆ 130, ಚಳಿಗಾಲಕ್ಕೂ ಭಯವಿಲ್ಲ. ಪಿಸ್ತೂಲು ಸಿಝಡ್ ಶ್ಯಾಡೋ 2. ಕಣ್ಣು ಮುಚ್ಚಿ ತಗೊಳ್ಳಿ.

ಅಕ್ಕ: ಬಂತು ನೋಡಿ.

ಭಾವ: ಬರದೆ ಏನು? ಪೂರ್ತಿ ಉಕ್ಕು. ಸುಮಾರು 1330 ಗ್ರಾಂ. ನಿಮ್ಮ ಅಕ್ಕನ ಗ್ಲಾಕ್ 17 ಖಾಲಿ ಮ್ಯಾಗಜೀನ್ ಸೇರಿ 700ರ ಆಸುಪಾಸು. ತೂಕ ಇದ್ದರೆ ಮೂತಿ ಎಗರುವುದಿಲ್ಲ, ಎರಡನೇ ಗುಂಡಿನ ಹೊತ್ತಿಗೆ ಸೈಟ್ ಅಲ್ಲೇ ಕೂತಿರುತ್ತದೆ. ಬ್ಯಾರೆಲ್ ಸುಮಾರು 120 ಮಿಲಿಮೀಟರ್, ನಿಯಮದ ಒಳಗೇ ಇದೆ.

ತಮ್ಮ: ಭಾವ, ಫೋಟೋ ಹಾಕಿ.

ಅಕ್ಕ: ರೀ, ಫೋಟೋ ಆಮೇಲೆ. ಮೊದಲು ಹ್ಯಾಮರ್ ಇಳಿಸುವ ವಿಷಯ ಹೇಳಿ.

ಭಾವ: ಅದು ಅಭ್ಯಾಸ ಆಗುತ್ತದೆ.

ಅಕ್ಕ: ನಾನೇ ಹೇಳುತ್ತೇನೆ. ಕೇಳೋ. ಶುರುವಿಗೆ ಮುಂಚೆ ರೆಫರಿ ‘ಲೋಡ್ ಅಂಡ್ ಮೇಕ್ ರೆಡಿ’ ಎಂದಾಗ ಮ್ಯಾಗಜೀನ್ ಹಾಕಿ ಸ್ಲೈಡ್ ಎಳೆದು ಬಿಡುತ್ತೀಯ. ಗುಂಡು ಚೇಂಬರ್‌ಗೆ ಹೋಯಿತು, ಹ್ಯಾಮರ್, ಅಂದರೆ ಪಿಸ್ತೂಲಿನ ಹಿಂಬದಿಯ ಪುಟ್ಟ ಸುತ್ತಿಗೆ, ಹಿಂದೆ ಸೆಟೆದು ನಿಂತಿತು. ಆದರೆ ಪ್ರೊಡಕ್ಷನ್‌ನಲ್ಲಿ ಇಂಥ ಪಿಸ್ತೂಲಿನ ಹ್ಯಾಮರ್ ಪೂರ್ತಿ ಕೆಳಗಿರಬೇಕು. ನಿನ್ನ ಭಾವನ ಪಿಸ್ತೂಲಿನಲ್ಲಿ ಅದನ್ನು ಇಳಿಸಿಕೊಡುವ ಲಿವರ್ ಇಲ್ಲ. ಮೂತಿ ಮಣ್ಣಿನ ದಿಬ್ಬದ ಕಡೆ ಇಟ್ಟು, ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಹ್ಯಾಮರ್ ಚಿವುಟಿ ಹಿಡಿದು, ಬಲಗೈಯಲ್ಲಿ ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಒಳಗೆ ಗುಂಡಿದೆ. ಬೆವರಿಗೆ ಬೆರಳು ಜಾರಿದರೆ ಢಂ. ದಿಬ್ಬಕ್ಕೇ ಬಿದ್ದರೂ ಅವತ್ತಿನ ಪಂದ್ಯ ಅಲ್ಲಿಗೆ ಮುಗಿಯಿತು, ಮನೆಗೆ.

ಚಿಕ್ಕಪ್ಪ: ಹೌದು, ಅದು ನಿಜ. ನನ್ನ ಸ್ಕ್ವಾಡ್‌ನಲ್ಲೇ ನೋಡಿದ್ದೇನೆ. ಮೊದಲ ಸ್ಟೇಜ್‌ಗೇ ಚೀಲ ಕಟ್ಟಿದರು ಪಾಪ.

ಭಾವ: ಆರು ವರ್ಷದಲ್ಲಿ ನನಗೆ ಒಮ್ಮೆಯೂ ಆಗಿಲ್ಲ.

ಅಕ್ಕ: ನಿಮಗೆ ಆಗಿಲ್ಲ. ಅವನು ಹೊಸಬ, ಅವತ್ತು ಕೈ ಹೇಗೂ ನಡುಗುತ್ತದೆ. ಅದಲ್ಲದೆ ಟ್ರಿಗರ್‌ನ ಮೊದಲ ಎಳೆತ ಉದ್ದ, ಭಾರ. ನಿಯಮದ ಪ್ರಕಾರ ಒಂದೋ ಮೊದಲ ಎಳೆತ 2.27 ಕೆಜಿ ಆದರೂ ಇರಬೇಕು, ಇಲ್ಲ ಪ್ರತಿ ಎಳೆತವೂ 1.36 ಕೆಜಿ ಇರಬೇಕು. ಶ್ಯಾಡೋದವರು ಮೊದಲನೇ ದಾರಿ ಹಿಡಿಯುತ್ತಾರೆ. ಮೊದಲ ಗುಂಡು ಒಂಥರಾ, ಎರಡನೇ ಗುಂಡು ಇನ್ನೊಂಥರಾ. ಗ್ಲಾಕ್‌ನಲ್ಲಿ ಎಲ್ಲವೂ ಒಂದೇ ಥರ.

ಭಾವ: ಮೊದಲ ಗುಂಡು ಒಂದು. ಆಮೇಲಿನ 31 ಗುಂಡು ಬೆಣ್ಣೆಯ ಹಾಗೆ. ಆ ಲೆಕ್ಕ ಹಾಕಲ್ವಾ?

ನಾನು: ಲೆಕ್ಕ ನಾನು ಹಾಕುತ್ತೇನೆ, ಹೋದ ತಿಂಗಳ ಹಾಳೆ ನನ್ನ ಹತ್ತಿರವೇ ಇದೆ. 32 ಗುಂಡಿನ ಸ್ಟೇಜ್, ಗರಿಷ್ಠ 160 ಅಂಕ. ಭಾವ 152 ಅಂಕ, 20 ಸೆಕೆಂಡ್. ಭಾಗಿಸಿದರೆ ಹಿಟ್ ಫ್ಯಾಕ್ಟರ್ 7.6. ಅಕ್ಕ 144 ಅಂಕ, 18 ಸೆಕೆಂಡ್. 8.0.

ತಮ್ಮ: ಅಂದರೆ ಹಗುರ ಪಿಸ್ತೂಲು ಗೆದ್ದಿತು!

ನಾನು: ಪಿಸ್ತೂಲಲ್ಲ. ನಾನು ಟೈಮರ್ ಪಕ್ಕದಲ್ಲೇ ಇದ್ದೆ. ಗುಂಡು ಹೊಡೆಯುವ ಹೊತ್ತಿನಲ್ಲಿ ಇಬ್ಬರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಭಾವ ಪ್ರತಿ ಜಾಗದಲ್ಲಿ ಬಂದು, ನಿಂತು, ಕಾಲು ಸರಿಮಾಡಿಕೊಂಡು ಆಮೇಲೆ ಪಿಸ್ತೂಲು ಎತ್ತಿದರು. ಅಕ್ಕ ಕಾಲು ನಿಲ್ಲುವ ಮೊದಲೇ ಎತ್ತಿಕೊಂಡಿದ್ದಳು. ಆ ಎರಡು ಸೆಕೆಂಡ್ ಹೋದದ್ದು ಅಲ್ಲಿ.

ಭಾವ: ನನ್ನ ಮಂಡಿ ನೋವಿನ ಬಗ್ಗೆ ಯಾರೂ ಮಾತಾಡಬೇಡಿ.

ದೊಡ್ಡಮ್ಮ: ಏನ್ರೋ ಇದು, ರಾತ್ರಿ ಹನ್ನೊಂದಕ್ಕೆ ಢಂ ಢಂ ಅಂತ. ಅದನ್ನೆಲ್ಲ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡುತ್ತೀರಾ ಇಲ್ಲವಾ, ಅದು ಮೊದಲು ಹೇಳಿ.

ಅಕ್ಕ: ಪಿಸ್ತೂಲು ಒಂದು ಕಪಾಟು, ಗುಂಡು ಇನ್ನೊಂದು ಕಪಾಟು ದೊಡ್ಡಮ್ಮ. ಎರಡಕ್ಕೂ ಬೀಗ. ಮನೆಯಲ್ಲಿ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವಾಗ ಗುಂಡು ಆ ಕೋಣೆಗೇ ಬರುವುದಿಲ್ಲ.

ದೊಡ್ಡಮ್ಮ: ಹಾಂ. ಇನ್ನು ಜಗಳ ಆಡಿ.

ಮಾರನೇ ದಿನ ಅಕ್ಕ ತಮ್ಮನನ್ನು ರೇಂಜ್‌ಗೆ ಕರೆದುಕೊಂಡು ಹೋದಳು. ಸಂಜೆ ಅವನು ಮತ್ತೆ ಬರೆದ.

ತಮ್ಮ: ಎರಡನ್ನೂ ಹೊಡೆದೆ. ಮೊದಲು ಭಾವನದ್ದು. ಕೈಗೆ ತಗೊಂಡ ಕೂಡಲೇ ಇದೇ ಬೇಕು ಅನ್ನಿಸಿತು. ಆ ತೂಕ, ಆ ಹಿಡಿ, ಆಹಾ.

ಭಾವ: ನಾನು ಹೇಳಲಿಲ್ಲವಾ.

ತಮ್ಮ: ಆಮೇಲೆ ಹ್ಯಾಮರ್ ಇಳಿಸಿದ ಸ್ಥಿತಿಯಿಂದ ಹೊಡೆಯಬೇಕಲ್ಲ. ಟ್ರಿಗರ್ ಅಷ್ಟು ಮುಂದಿರುತ್ತದೆ, ನನ್ನ ಬೆರಳ ತುದಿ ಮಾತ್ರ ತಾಗುತ್ತಿತ್ತು. ಸರಿಯಾಗಿ ಒತ್ತಲು ಹಿಡಿತವನ್ನೇ ಬಲಕ್ಕೆ ತಿರುಗಿಸಿಕೊಂಡೆ. ಮೊದಲ ಗುಂಡು ಹತ್ತು ಸಲಕ್ಕೆ ಆರು ಸಲ ಎಡಕ್ಕೆ, ಡಿಗೆ. ಒಂದು ಸಲ ಹಲಗೆಗೇ ತಾಗಲಿಲ್ಲ.

ಭಾವ: ಗ್ರಿಪ್‌ನ ಪಟ್ಟಿ ತೆಳ್ಳಗಿನದು ಹಾಕಿದರೆ ಸರಿ ಹೋಗುತ್ತದೆ.

ಅಕ್ಕ: ಸ್ವಲ್ಪ ಸರಿ ಹೋಗುತ್ತದೆ. ಇವನ ಅಂಗೈ ಚಿಕ್ಕದು ರೀ. ನಿಮ್ಮ ಗ್ಲೌಸ್ ಇವನಿಗೆ ಕಾಲುಚೀಲದ ಹಾಗೆ ಕಾಣುತ್ತದೆ.

ತಮ್ಮ: ಅಕ್ಕನ 17ರಲ್ಲಿ ಮೂತಿ ಎಗರಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆರಳು ಟ್ರಿಗರ್ ಮೇಲೆ ಪೂರ್ತಿ ಕೂತಿತು. ಹತ್ತರಲ್ಲಿ ಎಂಟು ಎ. ಬ್ಯಾರೆಲ್ 114 ಮಿಲಿಮೀಟರ್ ಅಂತೆ. ಗಿಡ್ಡ ಅನ್ನಿಸಲೇ ಇಲ್ಲ.

ಚಿಕ್ಕಪ್ಪ: ಸ್ಟ್ಯಾಂಡರ್ಡ್‌ಗೆ ಬಾ ಎಂದಿದ್ದೆ.

ಅಕ್ಕ: ಎರಡು ವರ್ಷ ಬಿಟ್ಟು ಬರುತ್ತಾನೆ, ಬಿಡಿ ಚಿಕ್ಕಪ್ಪ. ಈಗ ಹಣ ಉಳಿದರೆ ಮ್ಯಾಗಜೀನ್‌ಗೆ ಹಾಕಲಿ. ಪ್ರೊಡಕ್ಷನ್‌ನಲ್ಲಿ ಒಂದಕ್ಕೆ 15ಕ್ಕಿಂತ ಜಾಸ್ತಿ ತುಂಬುವ ಹಾಗಿಲ್ಲ. 32 ಗುಂಡಿನ ಸ್ಟೇಜ್‌ಗೆ ಎರಡು ಸಾಲದು, ಮೂರು ಬೇಕೇ ಬೇಕು. ಒಂದು ಕೆಸರಿಗೆ ಬೀಳುತ್ತದೆ, ಒಂದರ ಸ್ಪ್ರಿಂಗ್ ಕೈ ಕೊಡುತ್ತದೆ. ಐದು ಇಟ್ಟುಕೊಳ್ಳಲಿ.

ತಮ್ಮ: ಸರಿ, 17. ಬರೆದುಕೊಂಡೆ. ವಿಡಿಯೊ ಡಿಲೀಟ್ ಮಾಡಲಾ?

ನಾನು: ಬೇಡ, ಇರಲಿ. 8 ಮಿಲಿಮೀಟರ್‌ಗೆ ಎಷ್ಟು ಮೆಸೇಜ್ ಬಂತು ಎಂದು ಎಣಿಸಬೇಕು.

ಮೂರು ವಾರ ಗುಂಪು ತಣ್ಣಗಿತ್ತು. ನಿನ್ನೆ ಮಧ್ಯಾಹ್ನ ತಮ್ಮ ಟೈಮರ್‌ನ ಫೋಟೋ ಹಾಕಿದ. ಬೀಪ್ ಆದಲ್ಲಿಂದ ಮೊದಲ ಗುಂಡಿಗೆ 1.38 ಸೆಕೆಂಡ್.

ಭಾವ: ಭಲೇ!

ಚಿಕ್ಕಪ್ಪ: ನನಗೆ ನಿನ್ನ ವಯಸ್ಸಿನಲ್ಲಿ 1.2 ಬರುತ್ತಿತ್ತು. ಆದರೂ ಪರವಾಗಿಲ್ಲ.

ಅಕ್ಕ: ಟಾರ್ಗೆಟ್ ಫೋಟೋ ಎಲ್ಲಿ?

ಎರಡು ನೀಲಿ ಗೀಟು ಬಿದ್ದವು. ‘ಟೈಪ್ ಮಾಡುತ್ತಿದ್ದಾರೆ’ ಎಂದು ಕಾಣಿಸಿತು, ಹೋಯಿತು, ಮತ್ತೆ ಕಾಣಿಸಿತು.

ತಮ್ಮ: ಇವತ್ತು ಗಾಳಿ ಇತ್ತು ಅಕ್ಕ.