ಕಂಟ್ರೋಲ್ ಹೃದಯವೇ ಸಾಯ್ತಿಲ್ಲ, ಔಷಧ ಕೆಲಸ ಮಾಡ್ತಾ ಅಂತ ನೋಡೋದು ಹೇಗೆ?

ಫಾರ್ಮಾ_ಯಶವಂತಪುರ:
ಲ್ಯಾಂಗೆಂಡಾರ್ಫ್‌ನಲ್ಲಿ (ಹೊರತೆಗೆದ ಹೃದಯಕ್ಕೆ ದ್ರಾವಣ ಹರಿಸಿ ಬಡಿಯುವಂತೆ ಇಡುವ ಉಪಕರಣ) ಇಲಿಯ ಹೃದಯ. 20 ನಿಮಿಷ ಸ್ಥಿರವಾಗಲು ಬಿಟ್ಟು, 30 ನಿಮಿಷ ಹರಿವು ಪೂರ್ತಿ ಬಂದ್, ಆಮೇಲೆ 120 ನಿಮಿಷ ರಿಪರ್ಫ್ಯೂಷನ್, ಅಂದರೆ ಮತ್ತೆ ಹರಿವು. ಔಷಧ ಹಾಕದ ಕಂಟ್ರೋಲ್ ಗುಂಪಿನಲ್ಲೇ ಇನ್‌ಫಾರ್ಕ್ಟ್ (ಸತ್ತ ಸ್ನಾಯುವಿನ ಪಾಲು) ಒಂದು ಹೃದಯದಲ್ಲಿ 15%, ಇನ್ನೊಂದರಲ್ಲಿ 45%. ಅರಿವಳಿಕೆಗೆ ಐಸೋಫ್ಲುರೇನ್. ವಾಟರ್ ಬಾತ್ 37 ಡಿಗ್ರಿ. ಹರಿವು ನಿಲ್ಲಿಸಿದಾಗ ಹೃದಯ ಗಾಳಿಯಲ್ಲೇ ತೂಗುತ್ತಿರುತ್ತದೆ. ತಪ್ಪು ಎಲ್ಲಿ?

ಬಫರ್_ಭಟ್ಟ:
ತೂಗುತ್ತಿರುತ್ತದೆ ಅಂದಿರಲ್ಲ, ಅಲ್ಲೇ. ಹೃದಯವನ್ನು ಬೆಚ್ಚಗಿಡುವುದೇ ಅದರೊಳಗೆ ಹರಿಯುವ ದ್ರಾವಣ. ಅದು ನಿಂತ ಕೂಡಲೇ ಹೃದಯ ಕೋಣೆಯ ಉಷ್ಣತೆಯತ್ತ ಇಳಿಯುತ್ತದೆ. ನಮ್ಮೂರಲ್ಲಿ ಡಿಸೆಂಬರ್ ಬೆಳಗಿನ ಕೋಣೆಯೇ ಬೇರೆ, ಏಪ್ರಿಲ್ ಮಧ್ಯಾಹ್ನದ ಕೋಣೆಯೇ ಬೇರೆ. ತಣ್ಣಗಾದ ಸ್ನಾಯು ಎಟಿಪಿಯನ್ನು (ಜೀವಕೋಶದ ಶಕ್ತಿ) ನಿಧಾನವಾಗಿ ಖರ್ಚು ಮಾಡಿ ಬದುಕಿಕೊಳ್ಳುತ್ತದೆ.

ಆ 30 ನಿಮಿಷ ಹೃದಯವನ್ನು 37 ಡಿಗ್ರಿಯ ಕ್ರೆಬ್ಸ್ ದ್ರಾವಣದಲ್ಲಿ (ಹೃದಯಕ್ಕೆ ಹರಿಸುವ ಲವಣದ ಬಫರ್) ಮುಳುಗಿಸಿ. ಆ ದ್ರಾವಣಕ್ಕೆ ಕಾರ್ಬೊಜೆನ್ (95% ಆಮ್ಲಜನಕ, 5% ಕಾರ್ಬನ್ ಡೈಆಕ್ಸೈಡ್) ಬಿಡಬೇಡಿ, 95% ನೈಟ್ರೊಜನ್ ಮತ್ತು 5% ಕಾರ್ಬನ್ ಡೈಆಕ್ಸೈಡ್ ಬಿಡಿ. ಇಲ್ಲದಿದ್ದರೆ ಹೊರಪದರಕ್ಕೆ ಆಮ್ಲಜನಕ ಸಿಗುತ್ತದೆ. ಬಾತ್‌ನ ಡಿಸ್‌ಪ್ಲೇ ನಂಬಬೇಡಿ. ಸಣ್ಣ ಪ್ರೋಬನ್ನು ಬಲ ಹೃತ್ಕುಕ್ಷಿಯೊಳಗೆ ಇಟ್ಟು ಅಳೆಯಿರಿ. ಕೊಳವೆಗಳಲ್ಲಿ ಶಾಖ ಹೋಗುವುದರಿಂದ ಬಾತ್ 38–39ಕ್ಕೆ ಏರಿಸಬೇಕಾದೀತು.

ಹೃತ್ಕುಕ್ಷಿ_77:
ಉಷ್ಣತೆ ಸರಿ, ಆದರೆ ಐಸೋಫ್ಲುರೇನ್ ಕೂಡ ತಾನೇ ಪ್ರೀಕಂಡಿಷನಿಂಗ್ ಮಾಡುತ್ತದೆ, ಅಂದರೆ ಮುಂದಿನ ಹಾನಿ ತಡೆದುಕೊಳ್ಳುವಂತೆ ಹೃದಯವನ್ನು ಮೊದಲೇ ಸಜ್ಜುಗೊಳಿಸುತ್ತದೆ. ಕಂಟ್ರೋಲ್‌ಗೂ ಅರ್ಧ ರಕ್ಷಣೆ ಕೊಟ್ಟು ಆಮೇಲೆ ವ್ಯತ್ಯಾಸ ಹುಡುಕಿದರೆ ಸಿಗುವುದಿಲ್ಲ. ಅರಿವಳಿಕೆಗೆ ಪೆಂಟೊಬಾರ್ಬಿಟಾಲ್, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬಳಸಿ. ಬದಲಿಸುವ ಮುನ್ನ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಹಾಕಿ.

ಹೃದಯ ಕತ್ತರಿಸಿದ ಕ್ಷಣದಿಂದ ದ್ರಾವಣ ಹರಿಯುವವರೆಗೆ 3 ನಿಮಿಷ ದಾಟಿದರೆ ಅದನ್ನು ಕೈಬಿಡಿ. ಹರಿವು ಸ್ವಲ್ಪ ಹೊತ್ತು ನಿಂತರೂ ಪ್ರೀಕಂಡಿಷನಿಂಗ್ ಆಗಬಹುದು. 1986ರಲ್ಲಿ ನಾಯಿಗಳಲ್ಲಿ ಹೃದಯದ ರಕ್ತದ ಹರಿವಿಗೆ 5 ನಿಮಿಷದ ನಾಲ್ಕು ತಡೆಗಳನ್ನು ಮೊದಲು ಕೊಟ್ಟು, ನಂತರ 40 ನಿಮಿಷ ರಕ್ತನಾಳ ಕಟ್ಟಿದಾಗ ಇನ್‌ಫಾರ್ಕ್ಟ್ ಕಂಟ್ರೋಲ್‌ನ ಕಾಲು ಭಾಗಕ್ಕೆ ಇಳಿದಿತ್ತು. ಕ್ಯಾನ್ಯುಲಾ (ಮಹಾಪಧಮನಿಗೆ ಹಾಕುವ ಕೊಳವೆ) ಕಟ್ಟಲು ತಡಕಾಡುವ ಐದು ನಿಮಿಷ ಸಣ್ಣದಲ್ಲ.

ಬಫರ್_ಭಟ್ಟ:
ಬೆಂಗಳೂರಿನವರು ಮರೆಯುವ ಇನ್ನೊಂದು ಲೆಕ್ಕ. ನಾವು ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿಯ ಒತ್ತಡ 680 ಮಿ.ಮೀ. ಪಾದರಸದ ಆಸುಪಾಸು. ನೀರಾವಿಯ ಒತ್ತಡ ಕಳೆದರೆ ಅದೇ 5% ಅನಿಲ ಸಮುದ್ರಮಟ್ಟದಲ್ಲಿ 36 ಮಿ.ಮೀ. ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಇಲ್ಲಿ 32. ಬೈಕಾರ್ಬೊನೇಟ್ 25 ಮಿಲಿಮೋಲಾರ್ ಹಾಗೇ ಇಟ್ಟರೆ ಪಿಎಚ್ 0.05ರಷ್ಟು ಮೇಲೇರುತ್ತದೆ. ಅನಿಲ ಬಿಟ್ಟ ಮೇಲೆ 37 ಡಿಗ್ರಿಯಲ್ಲೇ ಪಿಎಚ್ ನೋಡಿ. ಕ್ಯಾಲ್ಸಿಯಂ ಕ್ಲೋರೈಡ್ ಹಾಕುವುದು ಅದಾದ ನಂತರವೇ. ಮೊದಲೇ ಹಾಕಿದರೆ ಬಿಳಿ ಗಷ್ಟು ಕೂರುತ್ತದೆ, ಕರೋನರಿಗಳಲ್ಲಿ (ಹೃದಯದ ಸ್ವಂತ ರಕ್ತನಾಳಗಳು) ಸಿಕ್ಕಿಕೊಳ್ಳುತ್ತದೆ.

ಫಾರ್ಮಾ_ಯಶವಂತಪುರ:
ಧನ್ಯವಾದ ಸರ್. ಕೆಲವದರಲ್ಲಿ ಹರಿವು ನಿಮಿಷಕ್ಕೆ 30 ಮಿಲಿ ದಾಟುತ್ತದೆ. ಇಟ್ಟುಕೊಳ್ಳಬಹುದಾ?

ಹೃತ್ಕುಕ್ಷಿ_77:
ಬೇಡ. ಮಹಾಪಧಮನಿ ಹರಿದಿರುತ್ತದೆ ಅಥವಾ ಗಂಟು ಸಡಿಲವಾಗಿರುತ್ತದೆ. 10ಕ್ಕಿಂತ ಕಡಿಮೆಯಾದರೆ ಕ್ಯಾನ್ಯುಲಾ ಆಳಕ್ಕಿಳಿದು ಕರೋನರಿಗಳ ಬಾಯಿ ಮುಚ್ಚಿದೆಯೇ, ಗಾಳಿಗುಳ್ಳೆ ಹೊಕ್ಕಿದೆಯೇ ನೋಡಿ. ಯಾವ ಹೃದಯವನ್ನು ಬಿಡುವುದು ಎಂಬ ನಿಯಮವನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಿ, ಟಿಟಿಸಿ (ಬದುಕಿದ ಸ್ನಾಯುವನ್ನು ಕೆಂಪಾಗಿಸುವ ರಾಸಾಯನಿಕ) ಬಣ್ಣ ನೋಡಿದ ಮೇಲೆ ಅಲ್ಲ.