ಗುಡ್ಡದ ಕುರುಚಲಿಗೆ ಜೆಸಿಬಿ ಬಂದಿದೆ, ಹಕ್ಕಿಗಳ ಗತಿ ಏನು? (ಪ್ರಶ್ನೋತ್ತರ)

ಪ್ರಶ್ನೆ (ರೈತ, ಚಿತ್ರದುರ್ಗ ತಾಲ್ಲೂಕು): ಮೇಡಂ, ನಮಸ್ಕಾರ. ನಮ್ಮೂರ ಕಲ್ಲುಗುಡ್ಡದ ಬುಡದಲ್ಲಿ ಗೋಮಾಳ ಇದೆ. ಯಾರೋ ಜೆಸಿಬಿ ತಂದು ಕಾರೆ, ಕಳ್ಳಿ ಎಲ್ಲ ಕಿತ್ತು ಸಮ ಮಾಡುತ್ತಿದ್ದಾರೆ. ಕೇಳಿದರೆ "ಬಗರ್ ಹುಕುಂ ಅರ್ಜಿ ಹಾಕ್ತೀವಿ" ಅಂತಾರೆ. ಆ ಗುಡ್ಡದಲ್ಲಿ ಹಳದಿ ಕತ್ತಿನ ಪಿಕಳಾರ ಇದೆ ಅಂತ ಜೋಗಿಮಟ್ಟಿಗೆ ಹಕ್ಕಿ ನೋಡಲು ಬರುವವರು ಹೇಳಿದ್ದರು. ತಡೆಯಲು ದಾರಿ ಇದೆಯಾ?

ಉತ್ತರ (ಪಕ್ಷಿ ಸಂಶೋಧಕಿ): ಇದೆ. ಆದರೆ ಹಕ್ಕಿಯ ಹೆಸರು ಹೇಳಿಕೊಂಡು ಹೋಗಬೇಡಿ, ಪಹಣಿ ಹಿಡಿದು ಹೋಗಿ. ಗೋಮಾಳ ಅಂತಿದ್ದರೆ ತಹಶೀಲ್ದಾರರಿಗೆ ಅರ್ಜಿ. ಅರಣ್ಯ ಅಂತಿದ್ದರೆ ವಲಯ ಅರಣ್ಯಾಧಿಕಾರಿಗೆ. ಅನುಮಾನ ಇದ್ದರೆ ಇಬ್ಬರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. "ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಅರ್ಜಿ ವಾಪಸ್ ಬರುವಷ್ಟರಲ್ಲಿ ಗುಡ್ಡ ಬೋಳಾಗಿರುತ್ತದೆ.

ಬಗರ್ ಹುಕುಂ ಮಾತಿಗೆ ಹೆದರಬೇಡಿ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಸುವ ಅರ್ಜಿ ಅದು. ಆ ಅರ್ಜಿಯ ನಮೂನೆ 57ಕ್ಕೆ 2005ರ ಜನವರಿ 1ಕ್ಕಿಂತ ಮೊದಲಿನಿಂದ ಸಾಗುವಳಿ ಇರಬೇಕು. ಈಗ ಕಿತ್ತರೆ ಹಕ್ಕು ಹುಟ್ಟುವುದಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ಸಿಗುತ್ತದೆ. ಕುರುಚಲು ಇದ್ದದ್ದು ಕಾಣುವ ಚಿತ್ರವನ್ನು ಅರ್ಜಿಗೆ ಲಗತ್ತಿಸಿ. ಭೂಕಂದಾಯ ನಿಯಮ 97ರ ಪ್ರಕಾರ ನೂರು ದನಕ್ಕೆ 30 ಎಕರೆ ಲೆಕ್ಕದಲ್ಲಿ ಗೋಮಾಳ ಇರಬೇಕು. ಊರಿನ ಜಾನುವಾರು ಲೆಕ್ಕವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಕುರಿ ಮೇಯಿಸುವವರ ಸಹಿ ಮೊದಲು ಹಾಕಿಸಿ. ಹಕ್ಕಿಗಿಂತ ಕುರಿಗಾಗಿ ಊರಲ್ಲಿ ಜಾಸ್ತಿ ಜನ ನಿಲ್ಲುತ್ತಾರೆ. ನನಗೇನೂ ಬೇಜಾರಿಲ್ಲ, ಪೊದೆ ಉಳಿದರೆ ಸಾಕು.

ಈ ಪಿಕಳಾರ ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಬಂಡೆ ಗುಡ್ಡ, ಅದರ ಸಂದಿಯ ಪೊದೆ, ಪೊದೆಯ ಹಣ್ಣು, ಇಷ್ಟೇ ಅದಕ್ಕೆ ಬೇಕಾದದ್ದು. "ಪಕ್ಕದ ಗುಡ್ಡಕ್ಕೆ ಹೋಗುತ್ತೆ ಬಿಡಿ" ಅಂತಾರೆ. ಪಕ್ಕದ ಗುಡ್ಡದಲ್ಲಿ ಎಷ್ಟೋ ಸಲ ಕ್ವಾರಿ ಇರುತ್ತದೆ. ಕ್ವಾರಿ ಇಲ್ಲದ ಕಡೆ ಬೇರೆ ಜೋಡಿ ಆಗಲೇ ಜಾಗ ಹಿಡಿದಿರುತ್ತದೆ.

ಪ್ರಶ್ನೆ (ಶಿಕ್ಷಕಿ, ಜಗಳೂರು): ನಮ್ಮ ಶಾಲೆಯಿಂದ ಊರಾಚೆ ಬಯಲಲ್ಲಿ ಸಸಿ ನೆಡಿಸಬೇಕು ಅಂತಿದ್ದೇವೆ. ಹಕ್ಕಿಗಳಿಗೆ ಒಳ್ಳೆಯದೇ ಅಲ್ವಾ?

ಉತ್ತರ: ಶಾಲೆ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಧಾರಾಳವಾಗಿ ನೆಡಿ. ಹುಲ್ಲು ಬಯಲಲ್ಲಿ ಮಾತ್ರ ಬೇಡ ಮೇಡಂ. ಪಕ್ಕದ ರಾಣೆಬೆನ್ನೂರು ಕೃಷ್ಣಮೃಗ ಧಾಮವನ್ನೇ ನೋಡಿ. ಅಲ್ಲಿ ಒಂದು ಕಾಲಕ್ಕೆ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇತ್ತು. ತೆರೆದ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ದೂರದವರೆಗೆ ಕಣ್ಣು ಹಾಯಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಬಯಲಿನ ಬಹುಭಾಗ ನೀಲಗಿರಿ ತೋಪಾಯಿತು. ಈಗ ಅಲ್ಲಿ ಎರ್ಲಡ್ಡು ಇಲ್ಲ. ದೇಶದಲ್ಲೇ ಉಳಿದಿರುವುದು 150ರ ಆಸುಪಾಸು, ಅದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಜೆಸಿಬಿಯಂತೆ ಸಸಿಯೂ ಬಯಲನ್ನು ಮುಗಿಸುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಮಕ್ಕಳಿಗೆ ಬಯಲಲ್ಲಿ ಏನಿದೆ ಅಂತ ಬರೆದಿಡುವ ಕೆಲಸ ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಕಾಯ್ದೆಯಲ್ಲಿದೆ. ಅವರ ದಾಖಲೆಗೆ ಮಕ್ಕಳ ಪಟ್ಟಿ ಸೇರಲಿ.

ಪ್ರಶ್ನೆ (ಹೊಳಲ್ಕೆರೆ): ಸ್ವಂತ ಪಟ್ಟಾ ಜಮೀನಿನ ಬದುವಿನ ಪೊದೆ ತೆಗೆಯಬಹುದಾ?

ಉತ್ತರ: ತೆಗೆಯಬಹುದು, ಗೂಡು ಇದೆಯಾ ಅಂತ ನೋಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಣಕುವುದೂ ಬೇಟೆ ಅಂತಲೇ ಲೆಕ್ಕ. ಜಮೀನು ಯಾರದ್ದಾದರೂ ಅಷ್ಟೇ. ಮಳೆಗಾಲ ಕಳೆಯಲಿ. ಎಲ್ಲ ಬದು ಒಂದೇ ಸಲ ಬೋಳು ಮಾಡಬೇಡಿ. ದೊಡ್ಡ ಮರ ಇದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಕಡಿಯಿರಿ.

ಪ್ರಶ್ನೆ (ಮೊದಲು ಕೇಳಿದ ರೈತ): ಪಹಣಿ ತೆಗೆಸಿದೆ ಮೇಡಂ, ಗೋಮಾಳ ಅಂತಲೇ ಇದೆ. ಗೂಡಿನ ಫೋಟೋ ತೆಗೆದು ಇಲ್ಲಿ ಹಾಕಲಾ?

ಉತ್ತರ: ಖಂಡಿತ ಬೇಡ. ಜಾಗ ಗೊತ್ತಾದರೆ ನಾಳೆಯೇ ಕ್ಯಾಮೆರಾದವರು ಬಂದು ಕೂರುತ್ತಾರೆ, ತಾಯಿ ಹಕ್ಕಿ ಗೂಡು ಬಿಟ್ಟು ಹೋದೀತು. ಹಕ್ಕಿಯದ್ದು ದೂರದಿಂದ ತೆಗೆಯಿರಿ. ಕಿತ್ತ ಗಿಡ, ಜೆಸಿಬಿ, ಅದರ ನಂಬರ್ ಪ್ಲೇಟ್ ಹತ್ತಿರದಿಂದ ಬೇಕು. ತಾರೀಖು, ಜಾಗ ಚಿತ್ರದಲ್ಲೇ ಬರುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ಒಬ್ಬರೇ ಹೋಗಿ ಜಗಳಕ್ಕೆ ನಿಲ್ಲಬೇಡಿ, ಗ್ರಾಮ ಆಡಳಿತಾಧಿಕಾರಿಯನ್ನು (ಹಿಂದೆ ಗ್ರಾಮ ಲೆಕ್ಕಿಗರು ಅಂತಿದ್ದವರು) ಕರೆದುಕೊಂಡು ಹೋಗಿ. ಅರ್ಜಿಯ ಕರಡು ನನಗೆ ಮೆಸೇಜ್ ಮಾಡಿ, ನೋಡಿಕೊಡುತ್ತೇನೆ.