ಎಐ ಹೇಳುವ ಇಲ್ಲದ ಸಂಗತಿಗೆ ಏನೆನ್ನೋಣ: ‘ಭ್ರಮೆ’ಯೇ, ‘ಹುಸಿ’ಯೇ?

ಎಲ್ಲರಿಗೂ ನಮಸ್ಕಾರ.

ಹೊಸಬರಿಗಾಗಿ ಕೃತಕ ಬುದ್ಧಿಮತ್ತೆಯ (ಎಐ) ಕಿರುಪರಿಚಯವೊಂದನ್ನು ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ನಿವೃತ್ತ ಶಿಕ್ಷಕರು, ಸಣ್ಣ ಅಂಗಡಿ ನಡೆಸುವವರು. ದಿನಬಳಕೆಯ ಭಾಗಕ್ಕೆ ಪದಗಳ ತೊಂದರೆಯಿಲ್ಲ. ಬೇಡದ ಇಮೇಲ್‌ಗಳನ್ನು ಬೇರ್ಪಡಿಸುವುದು, ಆಡಿದ ಮಾತನ್ನು ಕನ್ನಡ ಅಕ್ಷರಕ್ಕಿಳಿಸುವುದು, ಫೋಟೋದಲ್ಲಿರುವ ಬರಹವನ್ನು ಅನುವಾದಿಸುವುದು ಎಲ್ಲವೂ ಅವರ ಮೊಬೈಲಿನಲ್ಲೇ ಇವೆ, ತೋರಿಸಿದರೆ ಸಾಕು. ಸಿಕ್ಕಿಕೊಂಡಿರುವುದು ಎಚ್ಚರಿಕೆಯ ಭಾಗದಲ್ಲಿ. ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಡುವ ಚಾಟ್‌ಜಿಪಿಟಿಯಂಥ ತಂತ್ರಾಂಶಗಳು ಯಾರೂ ಬರೆಯದ ಪುಸ್ತಕವನ್ನು, ಎಂದೂ ನಡೆಯದ ಮೊಕದ್ದಮೆಯನ್ನು ಇದ್ದಂತೆಯೇ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಇದು ಹ್ಯಾಲೂಸಿನೇಶನ್; ಇಲ್ಲದ್ದನ್ನು ಕಂಡಂತೆ, ಕೇಳಿದಂತೆ ಅನಿಸುವುದು ಆ ಪದದ ಹಳೆಯ ಅರ್ಥ. ಈ ಹೊಸ ಅರ್ಥ ಎಷ್ಟು ಹಬ್ಬಿತೆಂದರೆ ಕೇಂಬ್ರಿಜ್ ನಿಘಂಟು ಅದರ ಕ್ರಿಯಾರೂಪವನ್ನೇ 2023ರ ವರ್ಷದ ಪದವಾಗಿ ಆರಿಸಿತು. ಕನ್ನಡಕ್ಕೆ ತರಹೊರಟರೆ ಮೊದಲು ಕೈಗೆ ಸಿಗುವುದು ‘ಭ್ರಮೆ’.

ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಹಗ್ಗವನ್ನು ಹಾವೆಂದು ಕಾಣುವುದು ಭ್ರಮೆ. ಅದಕ್ಕೆ ಕಾಣುವವನೊಬ್ಬ ಬೇಕು, ಎದುರಿಗೆ ಹಗ್ಗವೂ ಬೇಕು. ಇಲ್ಲಿ ಎರಡೂ ಇಲ್ಲ. ಅಪಾರ ಬರಹವನ್ನು ಉಂಡಿರುವ ಈ ತಂತ್ರಾಂಶ, ಯಾವ ಪದದ ಬಳಿಕ ಯಾವುದು ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ತುಣುಕು ತುಣುಕಾಗಿ ವಾಕ್ಯ ಪೋಣಿಸುತ್ತದೆ. ಸರಿ ಉತ್ತರವೂ ತಪ್ಪು ಉತ್ತರವೂ ಹುಟ್ಟುವುದು ಇದೇ ದಾರಿಯಲ್ಲಿ. ‘ಭ್ರಮೆ’ ಎಂದೊಡನೆ, ಉಳಿದ ಹೊತ್ತಿನಲ್ಲಿ ಅದು ಎಚ್ಚರವಾಗಿದ್ದು ನಿಜವನ್ನು ಬಲ್ಲದು ಎಂದಾಗುತ್ತದೆ. ಹೊಸಬರು ಹಾಗೆ ನಂಬಿಬಿಟ್ಟರೆ ಎಚ್ಚರಿಕೆ ಕೊಟ್ಟೂ ಫಲವಿಲ್ಲ.

‘ಸುಳ್ಳು’ ಎನ್ನೋಣವೆಂದರೆ ಅದರಲ್ಲಿ ಮೋಸದ ಉದ್ದೇಶವಿದೆ. ‘ಕಪೋಲಕಲ್ಪನೆ’ ನನಗೆ ಬಹಳ ಹಿಡಿಸಿತ್ತು. ಕಪೋಲವೆಂದರೆ ಕೆನ್ನೆ, ತಲೆಯ ಹಂಗಿಲ್ಲದೆ ಬಾಯಲ್ಲೇ ಹುಟ್ಟಿದ ಮಾತು ಎಂಬ ಅರ್ಥ ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ‘ಈ ಆರೋಪ ಕಪೋಲಕಲ್ಪಿತ’ ಎಂದು ರಾಜಕಾರಣಿಗಳು ಹೇಳಿ ಹೇಳಿ ಅದಕ್ಕೂ ದುರುದ್ದೇಶ ಅಂಟಿಕೊಂಡಿದೆ.

ಈಗ ಮನಸ್ಸು ‘ಹುಸಿ’ಯ ಕಡೆ ವಾಲಿದೆ. ವಚನಕಾರರಿಗೆ ಹುಸಿ ನುಡಿಯುವುದು ದೋಷವೇ ಆಗಿತ್ತು, ನಿಜ. ಇಂದು ಮಾತ್ರ ನಿರೀಕ್ಷೆ ಹುಸಿಯಾಗುತ್ತದೆ, ಮಳೆಯ ಮುನ್ಸೂಚನೆ ಹುಸಿಯಾಗುತ್ತದೆ. ಯಾರನ್ನೂ ದೂರದೆ, ನಿಜವಾಗಲಿಲ್ಲ ಎಂದಷ್ಟೇ ಹೇಳುತ್ತೇವೆ. ಮುಂದಿನ ಪದವನ್ನು ಊಹಿಸುವ ಯಂತ್ರಕ್ಕೆ ಈ ಬಳಕೆ ಹತ್ತಿರದ್ದು. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್‌ಜಿಪಿಟಿ ಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಫೆಡರಲ್ ನ್ಯಾಯಾಲಯದ ಮುಂದಿಟ್ಟು 5,000 ಡಾಲರ್ ದಂಡಕ್ಕೆ ಗುರಿಯಾದರು. ‘ಯಂತ್ರಕ್ಕೆ ಭ್ರಮೆಯಾಯಿತು’ ಎಂದರೆ ತಪ್ಪೆಲ್ಲ ಯಂತ್ರದ ತಲೆಗೆ ಹೋಗುತ್ತದೆ. ‘ಹುಸಿ ತೀರ್ಪುಗಳನ್ನು ಪರಿಶೀಲಿಸದೆ ಸಲ್ಲಿಸಿದರು’ ಎಂದರೆ ಹೊಣೆ ಯಾರದೆಂಬುದು ಸ್ಪಷ್ಟವಾಗುತ್ತದೆ.

‘ಹುಸಿ ಉತ್ತರ’ ಎಂಬ ನಾಮಪದ ಸರಿಹೋದೀತು. ಕ್ರಿಯಾಪದಕ್ಕೆ ಏನು ಮಾಡೋಣ? ಹಳಗನ್ನಡದ ‘ಪುಸಿ’ ಧಾತುವಾಗಿಯೂ ಬಳಕೆಯಾಗುತ್ತಿತ್ತು. ‘ಎಐ ಹುಸಿಯುತ್ತದೆ’ ಎಂದು ಇಂದು ಬರೆದರೆ ಓದುಗರಿಗೆ ತಿಳಿದೀತೇ, ಅಥವಾ ‘ಹುಸಿ ಹೆಣೆಯುತ್ತದೆ’ ವಾಸಿಯೇ? ಕರಾವಳಿಯ, ಉತ್ತರ ಕರ್ನಾಟಕದ ಸದಸ್ಯರು ದಯವಿಟ್ಟು ತಿಳಿಸಬೇಕು: ನಿಮ್ಮ ಕಡೆ ‘ಹುಸಿ’ ಎಂದಾಗ ಸುಳ್ಳುಗಾರನೊಬ್ಬ ಕಣ್ಣಮುಂದೆ ಬರುತ್ತಾನೆಯೇ?